ಗಂಟಲು ನೋಡಿದ ಮಾತಿನ ಟೀಚರ್

ಶನಿವಾರ, ಮಧ್ಯಾಹ್ನ
ವಾರ್ಡಿನ ಹೊರಗಿನ ಬೆಂಚು

ಪ್ರೀತಿಯ ಅಕ್ಕನಿಗೆ,

ಅಪ್ಪ ಇವತ್ತು ಬೆಳಿಗ್ಗೆ ಐಸಿಯುನಿಂದ ಮತ್ತೆ ವಾರ್ಡಿಗೆ ಬಂದ. ಜ್ವರ ಇಳಿದಿದೆ. ಒಳ್ಳೆಯ ಸುದ್ದಿ ಇಷ್ಟೇ, ಮುಂದಿನದನ್ನು ಕೂತುಕೊಂಡು ಓದು. ಫೋನ್ ಮಾಡಬಹುದಿತ್ತು. ಆದರೆ ಊರವರ ಬಾಯಿ ತೆಗೆಸುವುದು ನಿನ್ನ ಕಸುಬಾದರೂ ನನ್ನ ಬಾಯಿ ಮುಚ್ಚಿಸುವುದು ನಿನಗೆ ಚಿಕ್ಕಂದಿನ ಅಭ್ಯಾಸ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಸೋಮವಾರ ಆ ನರ್ಸಮ್ಮನ ವಿಚಾರಣೆ. ನಿನ್ನ ಕ್ಲಿನಿಕ್ಕಿನ ಲೆಟರ್‌ಹೆಡ್ಡಿನಲ್ಲಿ ನೀನು ಬರೆದುಕೊಟ್ಟ ಎರಡು ಪುಟದ ದೂರಿಗೆ ಹೆದರಿ ಆಸ್ಪತ್ರೆಯವರು ಆಕೆಯನ್ನು ಈಗಾಗಲೇ ಮನೆಯಲ್ಲಿ ಕೂರಿಸಿದ್ದಾರೆ. ನುಂಗಲಾಗದ ರೋಗಿಗೆ ನೀರು ಕುಡಿಸಿ ಶ್ವಾಸಕೋಶಕ್ಕೆ ಇಳಿಸಿದರು ಅನ್ನುವುದು ಆರೋಪ. ಸಾಬೀತಾದರೆ ಕೆಲಸ ಹೋಗುತ್ತದೆ, ಬೇರೆ ಆಸ್ಪತ್ರೆಯವರೂ ಸೇರಿಸಿಕೊಳ್ಳುವುದಿಲ್ಲವಂತೆ. ಅಕ್ಕ, ನೀರು ಕುಡಿಸಿದ್ದು ಆಕೆಯಲ್ಲ. ನಾನು. ಆಗ ನಾನು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ ಅಂದದ್ದು ಹಸಿ ಸುಳ್ಳು.

ನಮ್ಮ ಮನೆಯಲ್ಲಿ ಡಾಕ್ಟರ್ ಅಂದರೆ ನೀನೊಬ್ಬಳೇ. ಹಲ್ಲಿನ ಡಾಕ್ಟರ್ ಅನ್ನುವುದು ಯಾರಿಗೆ ನೆನಪಿದೆ? ಅಮ್ಮ ಇದ್ದಾಗ ಅವಳ ಮಂಡಿ ನೋವಿಗೂ, ಮಾವನ ಕಣ್ಣಿನ ಪೊರೆಗೂ, ನನ್ನ ಬಾಣಂತನಕ್ಕೂ ನಿನ್ನನ್ನೇ ಕೇಳಿದೆವು. ನೀನೂ ಒಂದು ದಿನವಾದರೂ ನನಗೆ ಗೊತ್ತಿಲ್ಲ ಅಂದವಳಲ್ಲ. ಹೀಗೆ ಬೆಳೆದ ನನಗೆ ಈ ಆಸ್ಪತ್ರೆಯಲ್ಲಿ ಯಾರು ಏನು ಅಂತ ತಲೆಬುಡ ತಿಳಿಯಲಿಲ್ಲ. ಬಿಳಿ ಕೋಟು ಹಾಕಿಕೊಂಡು, ಗಡಸು ದನಿಯಲ್ಲಿ ಮಾತಾಡುತ್ತ, ದಿನಾ ಅರ್ಧ ಗಂಟೆ ಅಪ್ಪನ ಕಾಲು ಮಡಿಸಿ ಬಿಡಿಸುತ್ತಿದ್ದವರೇ ದೊಡ್ಡ ಡಾಕ್ಟರ್ ಅಂದುಕೊಂಡು ಅವರು ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಅವರು ಫಿಸಿಯೋಥೆರಪಿಸ್ಟ್. ಕಾಲೇಜು ಹುಡುಗಿಯ ಹಾಗಿದ್ದ ಒಬ್ಬರಿಗೆ ಈ ದಿಂಬು ಸ್ವಲ್ಪ ಬದಲಾಯಿಸಮ್ಮ ಅಂದಿದ್ದೆ. ಅಪ್ಪನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸಿದ ನರರೋಗದ ಡಾಕ್ಟರ್ ಅವರೇ. ಪಾಪ, ದಿಂಬು ಬದಲಾಯಿಸಿಯೇ ಹೋದರು.

ಮೂರನೇ ದಿನ ಸ್ಪೀಚ್ ಥೆರಪಿಸ್ಟ್ ಬಂದರು. ಅಪ್ಪನ ಮಾತು ನಿಂತಿತ್ತಲ್ಲ, ಮಾತು ಕಲಿಸುವ ಟೀಚರ್ ಅಂದುಕೊಂಡೆ. ಆಕೆ ಒಂದು ಅಕ್ಷರವನ್ನೂ ಹೇಳಿಸಲಿಲ್ಲ. ಚಮಚದಲ್ಲಿ ತೊಟ್ಟು ನೀರು ಕೊಟ್ಟು, ಗಂಟಲ ಮೇಲೆ ಎರಡು ಬೆರಳಿಟ್ಟು ನೋಡಿ, ಬಾಯಿಗೆ ಏನೂ ಕೊಡಬೇಡಿ ಅಂತ ಬರೆದ ಹಲಗೆಯನ್ನು ಮಂಚಕ್ಕೆ ತೂಗುಹಾಕಿ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಮಾತಿನ ಟೀಚರಿಗೆ ನೀರಿನ ಉಸಾಬರಿ ಯಾಕೆ?

ಮರುದಿನ ಸಂಜೆ ನಾಲ್ಕಕ್ಕೆ ಅಪ್ಪ ಎಡಗೈ ಎತ್ತಿ ತನ್ನ ಬಾಯಿ ತೋರಿಸಿದ. ತುಟಿ ಒಡೆದು ಕಪ್ಪಾಗಿತ್ತು. ಮೂಗಿಗೆ ಹಾಕಿದ ನಳಿಕೆಯಲ್ಲಿ ನೀರು, ಆಹಾರ ಎಷ್ಟು ಹೋದರೇನು, ನಾಲಿಗೆ ಒಣಗುತ್ತದಲ್ಲ. ಜೀವಮಾನದಲ್ಲಿ ಯಾರ ಹತ್ತಿರವೂ ಏನನ್ನೂ ಕೇಳದವನು ನನ್ನನ್ನು ಕೇಳುತ್ತಿದ್ದ. ನರ್ಸಮ್ಮ ಆಚೆ ಕೋಣೆಯಲ್ಲಿದ್ದರು. ನಾನು ನಿನಗೆ ಫೋನ್ ಮಾಡಿದೆ. ಅಪ್ಪ ನೀರು ಕೇಳುತ್ತಿದ್ದಾನೆ, ಕೊಡಲಾ ಅಂದೆ. ನೀನು ಯಾರದೋ ಹಲ್ಲು ಕೊರೆಯುತ್ತಿದ್ದೆ, ಯಂತ್ರದ ಸದ್ದು ಕೇಳುತ್ತಿತ್ತು. ಎರಡು ಗುಟುಕಿಗೆ ಏನಾಗುತ್ತೆ, ಕೊಡು ಅಂತ ಹೇಳಿ ಇಟ್ಟುಬಿಟ್ಟೆ. ನೀನು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಅಪೀಲು ಉಂಟೇ?

ಎರಡು ಗುಟುಕಲ್ಲ, ಅರ್ಧ ಲೋಟ ಕುಡಿಸಿದೆ. ಅಪ್ಪ ಕೆಮ್ಮಲಿಲ್ಲ ಅಕ್ಕ. ಒಂದು ಸಲವೂ ಕೆಮ್ಮಲಿಲ್ಲ! ಕಣ್ಣು ಮುಚ್ಚಿ ಉಸ್ಸೆಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಲೋಟ ತೊಳೆಯುತ್ತ ಹಾಡು ಗುನುಗಿಕೊಂಡೆ. ಆ ಹಾಡು ಈಗ ಎಲ್ಲಾದರೂ ಕೇಳಿದರೆ ಎದ್ದು ಆಚೆ ಹೋಗುತ್ತೇನೆ.

ಬೆಳಗಾಗುವಷ್ಟರಲ್ಲಿ ಅಪ್ಪನ ಎದೆ ಗೊರಗೊರ ಅನ್ನುತ್ತಿತ್ತು. ಮೈ ಕೆಂಡವಾಗಿತ್ತು. ಮಧ್ಯಾಹ್ನ ಶ್ವಾಸಕೋಶದ ಡಾಕ್ಟರ್ ಎಕ್ಸ್‌ರೇ ಹಿಡಿದು ಬಿಳಿ ಮಬ್ಬೊಂದನ್ನು ತೋರಿಸಿದರು. ಬಾಯಿಗೆ ಹಾಕಿದ್ದು ಹೊಟ್ಟೆಗೆ ಹೋಗದೆ ಇಲ್ಲಿಗೆ ಬಂದಿದೆ ಅಂದರು. ಕೆಮ್ಮಲೇ ಇಲ್ಲವಲ್ಲ ಅಂತ ನನ್ನ ಬಾಯಿಂದ ಬಂದುಬಿಡುವುದರಲ್ಲಿತ್ತು, ತಡೆದುಕೊಂಡೆ. ಅವರೇ ಹೇಳಿದರು, ಸ್ಟ್ರೋಕ್ ಆದವರಲ್ಲಿ ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಅದೇ ಅಪಾಯ, ಅದಕ್ಕೇ ಸ್ಪೀಚ್ ಥೆರಪಿಸ್ಟ್ ಪರೀಕ್ಷೆ ಮಾಡಿ ಹಲಗೆ ಹಾಕಿದ್ದು, ಮಾತಾಡುವ ನಾಲಿಗೆ ಗಂಟಲುಗಳೇ ಅಲ್ಲವೇ ನುಂಗುವುದೂ ಅಂತ. ಈ ಆಸ್ಪತ್ರೆಯಲ್ಲಿ ಅಪ್ಪನಿಗೆ ನೀರು ಕೊಡಬಹುದೋ ಬಾರದೋ ಅಂತ ಬಲ್ಲವರು ಆಕೆ. ನಾನು ಉಸಾಬರಿ ಅಂದದ್ದು ಅವರಿಗೇ.

ಸಂಜೆ ನೀನು ಬಂದೆ. ನೀರು ಕೊಟ್ಟದ್ದು ಯಾರು ಅಂತ ಎಲ್ಲರನ್ನೂ ನಿಲ್ಲಿಸಿ ಕೇಳಿದೆ. ನಾನು ಕೊಟ್ಟಿಲ್ಲ ಅಂದ ನರ್ಸಮ್ಮ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಅಂಗಡಿಯ ಸಾಲಿನ ಸುಳ್ಳು ಆಗಲೇ ಹೇಳಿದ್ದು. ಅಷ್ಟು ಸಲೀಸಾಗಿ ಬಂತಲ್ಲ ಅಂತ ನನಗೇ ದಿಗಿಲಾಯಿತು. ನಿನಗೆ ಹಿಂದಿನ ದಿನದ ಆ ಫೋನು ನೆನಪಾಗಲಿಲ್ಲವೇ? ನೆನಪಾಗಿಯೇ ದೂರನ್ನು ಅಷ್ಟು ಜೋರಾಗಿ ಬರೆದೆಯಾ? ಕೇಳಬಾರದಿತ್ತು, ಕೇಳಿಬಿಟ್ಟೆ.

ಇವತ್ತು ಬೆಳಿಗ್ಗೆ ಸ್ಪೀಚ್ ಥೆರಪಿಸ್ಟ್ ಮತ್ತೆ ಬಂದರು. ನೀರಿಗೆ ಒಂದು ಪುಡಿ ಕಲಸಿ ಗಂಜಿಯಷ್ಟು ಮಂದ ಮಾಡಿ, ಅಪ್ಪನ ಗದ್ದ ಬಗ್ಗಿಸಿ, ಅರ್ಧ ಚಮಚ ಕೊಟ್ಟು ಗಂಟಲ ಮೇಲೆ ಬೆರಳಿಟ್ಟರು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಹೋಯ್ತು ಅಂದರು. ನಾನು ಕಾರಿಡಾರಿಗೆ ಬಂದು ಗೊಳೋ ಅಂತ ಅತ್ತೆ.

ಸೋಮವಾರ ವಿಚಾರಣೆಗೆ ನಾನೇ ಹೋಗುತ್ತೇನೆ. ಕುಡಿಸಿದ್ದು ನಾನು ಅನ್ನುತ್ತೇನೆ. ಕೊಡು ಅಂದದ್ದು ಯಾರು ಅಂತ ಕೇಳಿದರೆ ನಿನ್ನ ಹೆಸರನ್ನೂ ಹೇಳಬೇಕಾಗುತ್ತದೆ. ಈ ಕಾಗದವನ್ನು ಸಂಜೆಯ ಬಸ್ಸಿನವರ ಕೈಲೇ ಕಳಿಸುತ್ತೇನೆ, ಸೋಮವಾರದೊಳಗೆ ನೀನಾಗಿಯೇ ಬಂದು ದೂರು ವಾಪಸ್ಸು ತೆಗೆದುಕೋ. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಮಾತು ಬಿಟ್ಟರೆ ಮಾತ್ರ ತಡೆಯಲಾರೆ.

ಇಂತಿ,
ನೀನೇ ಹೆಸರಿಟ್ಟ
ಬಾಲಂಗೋಚಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಓದಿ ನೋಡಿದೆ. ಅರ್ಧ ತಪ್ಪನ್ನು ನಿನ್ನ ತಲೆಗೆ ಕಟ್ಟಿದ್ದೇನೆ. ಸೋಮವಾರ ನಿನ್ನ ಹೆಸರು ಹೇಳುವುದಿಲ್ಲ. ಫೋನು ಕಿವಿಗಿಟ್ಟುಕೊಂಡಾಗ ಆ ಹಲಗೆ ನನ್ನ ಕಣ್ಣೆದುರಿಗೇ ಇತ್ತು. ಅದರ ವಿಷಯ ನಾನು ನಿನಗೆ ಹೇಳಲೇ ಇಲ್ಲ. ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ.