ಉಂಬಳವಿಲ್ಲದ ಬೆಟ್ಟ

ಜಾವಾ, ೨೦೦೭

ಅವ್ವಾ,

ಇವತ್ತು ಇಲ್ಲಿಯ ಜ್ವಾಲಾಮುಖಿಯ ಇಳಿಜಾರಿನಲ್ಲಿ ನಡೆದ ಓಟದ ಸ್ಪರ್ಧೆಯಲ್ಲಿ ಓಡಿದೆ. ನೀನು ತೀರಿಕೊಂಡ ಮೇಲೂ ಬಿಡದ ನಮ್ಮೂರು ಇಡಗುಂದಿಯ ಅಭ್ಯಾಸ, ಹೊರಡುವ ಮೊದಲು ಕಾಲಿಗೆ ಹೊಗೆಸೊಪ್ಪಿನ ಎಣ್ಣೆ ಹಚ್ಚಿಕೊಂಡೆ. ಪಕ್ಕದ ಓಟಗಾರ್ತಿ ಯಾಕೆಂದಳು. ರಕ್ತ ಹೀರುವ ಉಂಬಳ ಕಚ್ಚದಿರಲಿ ಎಂದೆ. ಅವಳು ಬೆಟ್ಟ ತೋರಿಸಿದಳು. ಹುಲ್ಲುಕಡ್ಡಿಯೂ ಇಲ್ಲದ ಬರೀ ಬೂದಿ. ನನಗೂ ನಗು ಬಂತು.

ಇಳಿಯುವಾಗ ಬೂದಿ ಜಾರಿತು. ಸೊಪ್ಪಿನ ಹೊರೆ ಹೊತ್ತು ಬೆಟ್ಟ ಇಳಿಯುತ್ತ ನೀನು ಹೇಳುತ್ತಿದ್ದೆಯಲ್ಲ, "ಕಾಲು ನೋಡ್ಬೇಡ ಮಗಾ, ಮುಂದೆ ನೋಡು. ಹಿಮ್ಮಡಿ ಊರಿ ಇಳಿ." ಹಾಗೇ ಇಳಿದೆ. ಎಷ್ಟೋ ಜನ ಬಿದ್ದರು, ನಾನು ಬೀಳಲಿಲ್ಲ.

ಯಲ್ಲಾಪುರದ ಕ್ರೀಡಾಕೂಟದ ದಿನ ನೀನು ಹಚ್ಚಿದ ಎಣ್ಣೆಯನ್ನು, ವಾಸನೆಯೆಂದು, ನಿನ್ನೆದುರೇ ನಲ್ಲಿಯಲ್ಲಿ ತೊಳೆದುಕೊಂಡಿದ್ದೆ. ನೀನು ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

ಓಟ ಮುಗಿದು ಸಂಜೆಯಾಯಿತು. ಇನ್ನೂ ಕಾಲು ತೊಳೆದಿಲ್ಲ.

ಮಮತಾ