ಹದಿನೇಳನೇ ಮನೆಯ ಅಭಿಪ್ರಾಯ

ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಪತ್ರಗಳೂ ತಲುಪಿ ತಿಂಗಳಾಯಿತು. ಮೊದಲನೆಯದಕ್ಕೆ ಉತ್ತರ ಬರೆಯಲು ಕೂತಾಗಲೇ ಎರಡನೆಯದು ಬಂತು. ಎರಡಕ್ಕೂ ಒಟ್ಟಿಗೆ ಬರೆದರಾಯಿತು ಅಂದುಕೊಂಡು ಎರಡಕ್ಕೂ ಬರೆಯಲಿಲ್ಲ. ಬೈದುಕೋ. ಫೋನು ಇದೆಯಲ್ಲ ಅಂತ ಮಾತ್ರ ಕೇಳಬೇಡ. ಫೋನಿನಲ್ಲಿ ನಾನು "ಹೂಂ, ಚೆನ್ನಾಗಿದೀನಿ" ಅನ್ನುವುದರ ಆಚೆ ಹೋಗುವುದಿಲ್ಲ. ಮೇಲಾಗಿ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಮ್ಮನ ಕಿವಿಗೆ ಬೀಳದ ಹಾಗೆ ಮಾತಾಡುವ ಮೂಲೆ ಯಾವುದಿದೆ? ಇದನ್ನು ಕಚೇರಿಯಲ್ಲಿ, ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲಿಗೆ ನೀನು ಕಳಿಸಿದ ಮುಲಾಮು ಹಚ್ಚುತ್ತಾಳೆ. ಹಚ್ಚುವಾಗ ಎದುರಿಗೆ ಯಾರಿದ್ದರೂ "ದೊಡ್ಡವಳು ಕಳಿಸಿದ್ದು, ಆಸ್ಪತ್ರೇಲಿ ನರ್ಸು" ಅಂತ ಹೇಳಿಯೇ ಹಚ್ಚುತ್ತಾಳೆ. ಮುಲಾಮಿಗಿಂತ ಆ ಮಾತಿನಿಂದಲೇ ನೋವು ಇಳಿಯುತ್ತದೋ ಏನೋ.

ನನಗೆ ಕೆಲಸ ಸಿಕ್ಕಿತು ಅಂತ ಹೇಳಿದ್ದೆ. ಎಂಥ ಕೆಲಸ ಅಂತ ಹೇಳಿರಲಿಲ್ಲ. ನಮ್ಮ ಬೀದಿಯ ಸಾಲುಮನೆಗಳನ್ನೆಲ್ಲ ಕೆಡವಿ, ಅದೇ ಜಾಗದಲ್ಲಿ ಮೂರು ಮಹಡಿಯ ಕಟ್ಟಡ ಕಟ್ಟಿ, ಈಗ ಇರುವವರಿಗೇ ಮನೆ ಕೊಡುತ್ತಾರೆ. ಮನೆ ಹೇಗಿರಬೇಕು, ಕೆಲಸ ಎಲ್ಲಿ ಮಾಡಿಕೊಳ್ಳುತ್ತೀರಿ, ಕಿಟಕಿ ಯಾವ ಕಡೆಗೆ ಬೇಕು ಅಂತ ಈ ಸಲ ಜನರನ್ನೇ ಕೇಳುತ್ತಿದ್ದಾರೆ. ಅವರು ಹೇಳಿದ್ದನ್ನು ಬರೆದುಕೊಳ್ಳುವವಳು ನಾನು. ನಿಯಮ ಒಂದೇ: ಹೇಳಿದ ಹಾಗೇ ಬರೆಯಬೇಕು, ಬರೆದದ್ದನ್ನು ಅವರಿಗೇ ಓದಿ ಹೇಳಬೇಕು, ಆಮೇಲೆ ಅವರು ಸಹಿ ಹಾಕಬೇಕು. ಮೊದಲ ದಿನವೇ ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಸಾಹಿತ್ಯ ಓದಿದೀಯಂತೆ. ಉಪಮೆ ಗಿಪಮೆ ಏನೂ ಹಾಕ್ಬೇಡಮ್ಮ. ಅವರು ಚರಂಡಿ ಅಂದ್ರೆ ನೀನೂ ಚರಂಡಿ ಅಂತಾನೇ ಬರಿ" ಅಂದರು. ಹಾಗೇ ಬರೆದೆ. ನೂರಾ ಎಂಟು ಮನೆಗಳ ಚರಂಡಿ ನನ್ನ ಕೈಬರಹದಲ್ಲಿದೆ.

ನಾನು ನಿಜವಾಗಿ ಬರೆಯಬೇಕೆಂದಿದ್ದು ಟೇಪಮ್ಮನ ವಿಷಯ.

ಅವಳು ನಕ್ಷೆ ಬರೆಯುವವಳು, ಈ ಕಟ್ಟಡದ ವಿನ್ಯಾಸ ಅವಳದು. ನನ್ನದೇ ವಯಸ್ಸು. ಕುತ್ತಿಗೆಗೆ ಅಳತೆ ಟೇಪು ನೇತು ಹಾಕಿಕೊಂಡು ಓಡಾಡುತ್ತಾಳೆ ಅಂತ ಕ್ಷೌರದಂಗಡಿ ಮಾಮ ಇಟ್ಟ ಹೆಸರು ಅದು. ಅವಳಿಗೆ ಅದರಿಂದ ಬೇಜಾರೂ ಇಲ್ಲ. ಯಾರಾದರೂ "ಟೇಪಮ್ಮಾ" ಅಂದರೆ "ಏನ್ ಮಾಮ, ಎಷ್ಟಡಿ?" ಅನ್ನುತ್ತಾಳೆ. ನಾನು ಇದೇ ಬೀದಿಯಲ್ಲಿ ಹುಟ್ಟಿದವಳು. ಈ ಇಪ್ಪತ್ತಮೂರು ವರ್ಷದಲ್ಲಿ ಆ ಮಾಮ ನನಗೊಂದು ಅಡ್ಡಹೆಸರು ಇಡುವಷ್ಟು ಯಾವತ್ತೂ ನನ್ನನ್ನು ನೋಡಿಲ್ಲ.

ಕಳೆದ ತಿಂಗಳು ಶಾಲೆಯ ಹಾಲಿನಲ್ಲಿ ಮೊದಲ ಸಭೆ. ಮೇಜಿನ ಮೇಲೆ ರಟ್ಟಿನ ಕಟ್ಟಡ ಇಟ್ಟಿದ್ದರು. ಕೆಳಗೆ ಪೂರ್ತಿ ವಾಹನ ನಿಲ್ಲಿಸುವ ಜಾಗ, ಮೇಲೆ ಮನೆ. ಮಾಮ ಅದನ್ನು ಸುತ್ತು ಹಾಕಿ ನೋಡಿ, "ನನ್ನಂಗಡಿ ಎಲ್ಲಪ್ಪಾ?" ಅಂದರು.

"ನಿಮಗೆ ಮೂರನೇ ಮಹಡಿ ಬರುತ್ತೆ. ಅಲ್ಲೇ ಒಂದು ಕುರ್ಚಿ ಹಾಕ್ಕೊಳ್ಳಿ" ಅಂದರು ಇಂಜಿನಿಯರು.

"ಸರಿ ಸ್ವಾಮಿ. ಮೂರು ಮಹಡಿ ಹತ್ತಿ ಗಡ್ಡ ಮಾಡಿಸ್ಕೊಂಡೋನು ಕೆಳಗಿಳಿಯೋಷ್ಟರಲ್ಲಿ ಮತ್ತೆ ಬೆಳೆದಿರುತ್ತೆ. ನಂಗೆ ಡಬಲ್ ವ್ಯಾಪಾರ."

ಹಾಲೆಲ್ಲ ನಗು. ಇಂಜಿನಿಯರು ಲಿಫ್ಟ್ ಇರುತ್ತದೆ ಅಂದರು. ಆಗ ಹಿಂದಿನ ಸಾಲಿನಿಂದ ಒಂದು ದನಿ: "ಲಿಫ್ಟು ಕೆಟ್ಟ ದಿನ ನನ್ನ ಬಟ್ಟೆ ಗಂಟು ನೀವು ಹೊತ್ಕೊಂಡ್ ಬರ್ತೀರಾ?"

ನಾನು ಬರೆದುಕೊಳ್ಳುತ್ತಾ ತಲೆ ಎತ್ತಿದೆ. ಅಕ್ಕಾ, ಅದು ಅಮ್ಮ! ಅಂಗಡಿಯಲ್ಲಿ ಚಿಲ್ಲರೆ ಕಮ್ಮಿ ಕೊಟ್ಟರೂ ಬಾಯಿಬಿಡದ ನಮ್ಮ ಅಮ್ಮ. ನನ್ನ ಪೆನ್ನು ಅಲ್ಲೇ ನಿಂತಿತು. ಟೇಪಮ್ಮ ಮಾತ್ರ ತಡಮಾಡದೆ ರಟ್ಟಿನ ಕಟ್ಟಡವನ್ನು ಎತ್ತಿ ನೆಲದ ಮೇಲಿಟ್ಟು, ತಾನೂ ನೆಲಕ್ಕೇ ಕೂತಳು. "ಆಂಟಿ, ಇಲ್ಲಿ ಬನ್ನಿ. ನಿಮ್ಮ ಇಸ್ತ್ರಿ ಮೇಜು ಎಲ್ಲಿ ಬೇಕು, ನೀವೇ ಇಡಿ" ಅಂತ ಅಮ್ಮನ ಕೈಗೆ ಒಂದು ಬೆಂಕಿಪೊಟ್ಟಣ ಕೊಟ್ಟಳು. ಅಮ್ಮ ಅದನ್ನು ನೆಲಮಹಡಿಯಲ್ಲಿ, ರಸ್ತೆಯ ಕಡೆಗೆ ಇಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಹೊಲಿಗೆಯವರು, ಚಪ್ಪಲಿ ರಿಪೇರಿಯವರು, ಬುಟ್ಟಿ ಹೆಣೆಯುವ ಅಜ್ಜಿ. ವಾಹನ ನಿಲ್ಲಿಸುವ ಜಾಗ ತುಂಬಿಹೋಯಿತು. ನೋಡುವಂತಿತ್ತು, ಸುಳ್ಳು ಹೇಳುವುದಿಲ್ಲ. ನಾನು ಮೂಲೆಯಲ್ಲಿ ಕೂತು ಎಲ್ಲವನ್ನೂ ಹೇಳಿದ ಹಾಗೇ ಬರೆದೆ.

ಮರುವಾರ ಟೇಪಮ್ಮ ನಮ್ಮ ಮನೆಗೇ ಬಂದಳು, ಅಳತೆಗೆ. ನಾನು ಅವಳಿಗೆ ಕಾಲು ಅಲ್ಲಾಡುವ ಸ್ಟೂಲು ಹಾಕಿದೆ. ಬೇಕಂತಲೇ. ಚಹಾ ಕೊಟ್ಟಿದ್ದು ಅಂಚು ಒಡೆದ ಲೋಟದಲ್ಲಿ. ಅವಳು ಸ್ಟೂಲಿನ ಮೇಲೆ ಕೂರಲೇ ಇಲ್ಲ, ಲೋಟವನ್ನು ಒಡೆಯದ ಕಡೆಗೆ ತಿರುಗಿಸಿಕೊಂಡು ಕುಡಿದು "ಚೆನ್ನಾಗಿದೆ" ಅಂದಳು. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ನೋಡು, ನಮ್ಮ ಕೈಗೆ ಒಂದು ನೆಪವನ್ನೂ ಕೊಡುವುದಿಲ್ಲ.

ಅಮ್ಮನನ್ನು ಇಸ್ತ್ರಿ ಮೇಜಿನ ಮುಂದೆ ನಿಲ್ಲಿಸಿ ಮೊಣಕೈಯಿಂದ ನೆಲದವರೆಗೆ ಟೇಪು ಹಿಡಿದಳು. ಅಮ್ಮ ಕಚಗುಳಿ ಇಟ್ಟ ಹಾಗೆ ನಕ್ಕಳು. "ಮೂರಡಿ ಎರಡಂಗುಲ. ಈ ಮೇಜು ನಿಮಗೆ ತಗ್ಗು ಆಂಟಿ, ಅದಕ್ಕೇ ಸೊಂಟ ನೋವು" ಅಂದಳು. ಹದಿನೆಂಟು ವರ್ಷದಿಂದ ಅಮ್ಮ ಆ ಮೇಜಿನ ಮೇಲೆ ಬಗ್ಗಿಯೇ ಇದ್ದಾಳೆ. ಅವಳು ಬಗ್ಗುವುದನ್ನು ನಾನೂ ಅಷ್ಟೇ ವರ್ಷ ನೋಡಿದ್ದೇನೆ. ಅಮ್ಮ ಇರುವುದೇ ಹಾಗೆ ಅಂದುಕೊಂಡಿದ್ದೆ.

ಆಮೇಲೆ ಅಮ್ಮ ಮಾತಾಡತೊಡಗಿದಳು. ಮದುವೆಗೆ ಮುಂಚೆ ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳಂತೆ. ಅಲ್ಲಿ ಅವಳ ಎಡಗಡೆಗೆ ಒಂದು ಕಿಟಕಿ. ಹಬೆ ಅದರಲ್ಲಿ ಹೊರಗೆ ಹೋಗುತ್ತಿತ್ತು, ಹೊರಗೆ ರೈಲು ಹೋಗುತ್ತಿತ್ತು. ಒಂದೊಂದು ರೈಲಿಗೆ ಎಷ್ಟು ಅಂಗಿ ಮುಗಿಯಿತು ಅಂತ ಲೆಕ್ಕ ಹಿಡಿಯುತ್ತಿದ್ದಳಂತೆ. "ಅಂಥದ್ದೊಂದು ಕಿಟಕಿ ಎಡಗಡೆಗೆ ಇದ್ರೆ ಸಾಕು ಕಣಮ್ಮ. ರೈಲು ಇಲ್ದಿದ್ರೂ ಪರವಾಗಿಲ್ಲ" ಅಂದಳು.

ಟೇಪಮ್ಮ ಹೋದ ಮೇಲೆ ನಾನು ಅಮ್ಮನನ್ನು ಕೇಳಿದೆ, "ಲಾಂಡ್ರಿ ವಿಷಯ ನಂಗೆ ಯಾಕೆ ಹೇಳಿರ್ಲಿಲ್ಲ?"

"ನೀನು ಯಾವತ್ತು ಕೇಳಿದ್ದೆ? ತಲೆ ತಗ್ಗಿಸಿದ್ರೆ ಪುಸ್ತಕ, ಎತ್ತಿದ್ರೆ ಗೋಡೆ" ಅಂದಳು. ಒಂದು ಅಂಗಿ ಮಡಿಸಿಟ್ಟು, ಅದರ ಮೇಲೆ ಕೈ ಆಡಿಸುತ್ತಾ ಹೇಳಿದಳು, "ಆ ಹುಡುಗಿ ನಮ್ಮ ದೊಡ್ಡವಳ ಥರಾನೇ ಇದಾಳೆ ಅಲ್ವಾ? ಬಂದ ತಕ್ಷಣ ಮನೆ ತುಂಬಿದ ಹಾಗಾಯ್ತು."

ಹಾಗಾದರೆ ನಾನಿದ್ದಾಗ ಮನೆ ಹೇಗಿರುತ್ತದೆ ಅಂತ ಕೇಳಬೇಕೆನಿಸಿತು. ಮಡಿಸಿದ ಅಂಗಿಗಳನ್ನು ಎತ್ತಿ ಗಂಟು ಕಟ್ಟಿದೆ. ಇಲ್ಲಿ ಕಚೇರಿಯಲ್ಲಿ ಊಟದ ಬಿಡುವು ಮುಗಿಯಿತು, ಸಾಹೇಬರು ಬಂದರು.

ಗುರುವಾರ, ಹದಿನಾರು

ಮುಂದುವರಿಸುತ್ತೇನೆ. ಒಳ್ಳೆಯ ಸುದ್ದಿ ಇದೆ. ಇವತ್ತು ಬೆಳಿಗ್ಗೆ ಹೊಸ ನಕ್ಷೆ ಮತ್ತು ಮನೆಗಳ ಪಟ್ಟಿ ಎರಡನ್ನೂ ಶಾಲೆಯ ಗೋಡೆಗೆ ಅಂಟಿಸಿದರು. ಮನೆಯಲ್ಲೇ ದುಡಿಯುವ ಹತ್ತೊಂಬತ್ತು ಮನೆಗಳಿಗೆ ನೆಲಮಹಡಿ. ನಮ್ಮದು ಹದಿನೇಳನೇ ನಂಬರು. ಮುಂದುಗಡೆ ಕೆಲಸದ ಕೋಣೆ, ಎಡಕ್ಕೆ ಕಿಟಕಿ. ವಾಹನಗಳೆಲ್ಲ ಹಿತ್ತಲ ಕಡೆಗೆ ಹೋದವು. ಕಟ್ಟುವ ಕೆಲಸದಲ್ಲೂ ಮೂರರಲ್ಲಿ ಒಂದು ಪಾಲು ಆಳುಗಳನ್ನು ನಮ್ಮ ಬೀದಿಯಿಂದಲೇ ತೆಗೆದುಕೊಳ್ಳಬೇಕು ಅಂತ ಪಟ್ಟಿಯ ಕೆಳಗೆ ಬರೆದಿದ್ದಾರೆ. ಆ ಮಾತು ಸಭೆಯಲ್ಲಿ ಚಪ್ಪಲಿ ರಿಪೇರಿಯವರದು, ನಾನು ಬರೆದ ವಾಕ್ಯವೇ ಅದರಲ್ಲಿ ಹಾಗೇ ಇದೆ. ನಕ್ಷೆಯ ಕೆಳಗಿನ ಮೂಲೆಯಲ್ಲಿ ಟೇಪಮ್ಮನ ಹೆಸರಿದೆ, ಅಚ್ಚುಕಟ್ಟಾದ ಚೌಕದೊಳಗೆ. ವಾಕ್ಯದ ಕೆಳಗೆ ಯಾರ ಹೆಸರೂ ಇಲ್ಲ. ಇರಬಾರದು, ಅದೇ ಸರಿ. ಆದರೂ ನೋಡಿದೆ.

ಜನ ಗುಂಪುಗೂಡಿ ತಮ್ಮ ತಮ್ಮ ಮನೆ ಹುಡುಕುತ್ತಿದ್ದರು. ಮಾಮ ತಮ್ಮ ಅಂಗಡಿಯ ಮೇಲೆ ಬೆರಳಿಟ್ಟು, "ಇದೇ ನನ್ನ ಕುರ್ಚಿ. ಯಾರೂ ಕೂರ್ಬೇಡಿ" ಅಂದರು. ಅಮ್ಮ ಟೇಪಮ್ಮನ ಕೈ ಹಿಡಿದುಕೊಂಡೇ ನಿಂತಿದ್ದಳು, ಬಿಡಲೇ ಇಲ್ಲ. ನಾನು ಎರಡು ಹೆಜ್ಜೆ ಹಿಂದೆ ಅಮ್ಮನ ಕೈಚೀಲ ಹಿಡಿದುಕೊಂಡಿದ್ದೆ. ಅವಳಿಗೆ ಸಹಿ ಹಾಕಲು ಬರುತ್ತದೆ, ಪಟ್ಟಿ ಓದಲು ಬರುವುದಿಲ್ಲ, ಕಿಟಕಿಯ ಗುರುತು ತೋರಿಸಿದರೆ ಸಾಕಾಯಿತು.

ನಿನಗೆ ಸಂತೋಷವಾಗುತ್ತದೆ ಅಂತ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ಪಾಳಿ ಮುಗಿಸಿ ಬಂದು ಬರೀ ಚಹಾ ಕುಡಿದು ಮಲಗಬೇಡ. ಅಮ್ಮನ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ಎರಡು ಸಲ ಹೇಳಿದ್ದಾಳೆ, ಅದಕ್ಕೆ ಎರಡು ಸಲ ಬರೆಯುತ್ತೇನೆ: ಅಮ್ಮನ ಆಶೀರ್ವಾದ. ನನ್ನ ನಮಸ್ಕಾರ. ನಿನ್ನ ಕೈಯಲ್ಲಿ ಗುಣವಾಗುವ ರೋಗಿಗಳೆಲ್ಲರ ಹಾರೈಕೆ ನಿನ್ನ ಮೇಲಿರಲಿ.

ನಿನ್ನ
ತಂಗಿ

ವಿ.ಸೂ.: ಇದರ ಜೊತೆ ಮಡಿಸಿಟ್ಟಿರುವ ಹಾಳೆ ತಿದ್ದುಪಡಿ ಅರ್ಜಿ. ಪಟ್ಟಿಯಲ್ಲಿ ಏನಾದರೂ ತಪ್ಪಿದ್ದರೆ ಮೂವತ್ತನೇ ತಾರೀಖಿನೊಳಗೆ ಮನೆಯವರು ಯಾರಾದರೂ ಸಹಿ ಹಾಕಿ ಕೊಡಬಹುದು. ಮನೆ ನಂಬರು, ಅಮ್ಮನ ಹೆಸರು ಎಲ್ಲ ತುಂಬಿದ್ದೇನೆ. ನೀನು ಸಹಿ ಹಾಕಿ ಕೂಡಲೇ ಅಂಚೆಗೆ ಹಾಕು.

ತಪ್ಪು ಏನೆಂದರೆ, ಪಟ್ಟಿಯಲ್ಲಿ ನಮ್ಮ ಮನೆಗೆ ಕೆಲಸದ ಕೋಣೆ ಒಂದು, ಮಲಗುವ ಕೋಣೆ ಒಂದು ಅಂತಿದೆ. ಮಲಗುವ ಕೋಣೆ ಎರಡಿರಬೇಕಿತ್ತು. ಊರಾಚೆ ಕೆಲಸಕ್ಕಿರುವ ಮಕ್ಕಳು ಬಂದು ಹೋಗುವ ಮನೆಗಳಿಗೆ ಇನ್ನೊಂದು ಚಿಕ್ಕ ಕೋಣೆ ಕೊಡುತ್ತಾರೆ, ಆದರೆ ಫಾರಂನಲ್ಲಿ ಕೇಳಿರಬೇಕು. ಅಮ್ಮ ಕೇಳಿದ್ದಳು. ಎರಡು ವಾರದ ಹಿಂದಿನ ಭಾನುವಾರ ಅವಳ ಫಾರಂ ಬರೆದುಕೊಂಡಿದ್ದು ನಾನೇ. ಅವಳು ಇಸ್ತ್ರಿ ಮಾಡುತ್ತಲೇ ಹೇಳಿದಳು: "ದೊಡ್ಡವಳಿಗೆ ಅಂತ ಒಂದು ಕೋಣೆ ಬೇಕು. ಬಾಗಿಲು ಹಾಕ್ಕೊಳ್ಳೋ ಹಾಗಿರಲಿ. ಕಿಟಕಿಗೆ ದಪ್ಪ ಪರದೆ. ರಾತ್ರಿಯೆಲ್ಲಾ ದುಡಿಯೋಳು, ಹಗಲು ನಿದ್ದೆ ಬೇಕು ಅವಳಿಗೆ. ನಮ್ಮಿಬ್ಬರದು ಹೇಗೋ ಆಗುತ್ತೆ."

ಅಕ್ಕಾ, ನೀನು ಬರುವುದು ವರ್ಷಕ್ಕೆ ಎರಡು ಸಲ. ಬಂದಾಗ ನಾನು ನನ್ನ ಜಾಗ ಬಿಟ್ಟು ಇಸ್ತ್ರಿ ಮೇಜಿನ ಕೆಳಗೆ ಹಾಸಿಕೊಳ್ಳುತ್ತೇನೆ, ಯಾವತ್ತೂ ಬೇಜಾರು ಮಾಡಿಕೊಂಡಿಲ್ಲ, ನಿನಗೂ ಗೊತ್ತು. ಆದರೆ ಆ ದಿನ ಆ ಮಾತು ಬರೆಯಲು ನನ್ನ ಕೈ ಬರಲಿಲ್ಲ. ಆ ಸಾಲು ಬಿಟ್ಟು ಮುಂದಿನದು ಬರೆದೆ. ನೂರಾ ಎಂಟು ಮನೆಗಳಲ್ಲಿ, ಅವರು ಹೇಳಿದ ಹಾಗೆ ನಾನು ಬರೆಯದೇ ಇದ್ದದ್ದು ನಮ್ಮ ಮನೆಯದೊಂದೇ.

ಅರ್ಜಿಗೆ ನಾನೇ ಸಹಿ ಹಾಕಬಹುದಿತ್ತು. ಇವತ್ತು ಎರಡು ಸಲ ಪೆನ್ನು ತೆಗೆದೆ. ಕಾರಣ ಬರೆಯುವ ಜಾಗದಲ್ಲಿ ಏನು ಬರೆಯಲಿ ಅಂತ ಹೊಳೆಯಲಿಲ್ಲ, ಖಾಲಿ ಬಿಟ್ಟಿದ್ದೇನೆ. ನೀನು ಏನು ಬರೆದರೂ ಸರಿ, ಸಾಹೇಬರು ಕೇಳಿದರೆ ಒಪ್ಪಿಕೊಳ್ಳುತ್ತೇನೆ. ಅಮ್ಮನಿಗೂ ಹೇಳುತ್ತೇನೆ, ನಿನ್ನ ಉತ್ತರ ಬಂದ ಮೇಲೆ.

ಇನ್ನೊಂದು. ಸಹಿಗೆ ಮುಂಚೆ ಬರೆದದ್ದನ್ನು ಓದಿ ಹೇಳಬೇಕಲ್ಲ, ಓದಿದೆ. ನಿನ್ನ ಕೋಣೆಯನ್ನೂ ಓದಿದೆ, ಹಾಳೆಯಲ್ಲಿ ಇಲ್ಲದಿದ್ದರೂ ಬಾಗಿಲು, ದಪ್ಪ ಪರದೆ ಒಂದನ್ನೂ ಬಿಡದೆ ಓದಿದೆ. ಅಮ್ಮ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಗಮನವಿಟ್ಟು ಕೇಳಿದಳು. ಆಮೇಲೆ ನನ್ನ ಮುಖ ನೋಡಿದಳು. ಈಗ ಕೇಳುತ್ತಾಳೆ, "ನಿನಗೆ ಏನು ಬೇಕೇ?" ಅಂತ ಈಗ ಕೇಳೇ ಕೇಳುತ್ತಾಳೆ ಅಂದುಕೊಂಡೆ. ಕೇಳಿದ್ದರೆ ಅಲ್ಲೇ, ಅವಳೆದುರಿಗೇ, ಬಿಟ್ಟ ಸಾಲನ್ನು ಬರೆದುಬಿಡುತ್ತಿದ್ದೆ.

"ಪೆನ್ನು ಕೊಡು" ಅಂದಳು.