ಸೋರ್ಸ್ ಕೋಡಿನ ಪುಟದಲ್ಲಿ ನನ್ನ ಹೆಸರು

ಬಿ.ಟಿ.ಎಂ. ಲೇಔಟ್, ಬೆಂಗಳೂರು
ಮಾರ್ಚ್ 2005

ಸಿದ್ದಾರೂಢಣ್ಣನಿಗೆ ನಮಸ್ಕಾರ.

ನನಗೆ ನೋಡಿರುವ ಗಂಡಿನ ತಾಯಿ, "ಹುಡುಗಿ ಹೆಸರು ಇಂಟರ್‌ನೆಟ್‌ನ್ಯಾಗ ಯಾಕ? ಗೊತ್ತಿಲ್ಲದ ಗಂಡಸರು ಆಕಿಗೆ ಬರೀತಾರಂತ, ಮೊದಲು ತಗಸ್ರಿ" ಅಂದರೆಂದು ಬರೆದಿದ್ದೀಯ. ತೆಗೆಸುವುದಿಲ್ಲ.

ಲಿನಕ್ಸ್ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಮೂಡಿಸುವ ತಂತ್ರಾಂಶದ ಪ್ಯಾಕೇಜನ್ನು ನೋಡಿಕೊಳ್ಳುವವಳು ನಾನು. ಅದರ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಸಾಲುಗಳನ್ನು, ಇಂಟರ್‌ನೆಟ್‌ನಲ್ಲಿ ಹುಡುಕಿದವರಿಗೆ ಆ ಪುಟದಲ್ಲೇ ನನ್ನ ಹೆಸರು, ಇಮೇಲ್ ಸಿಗುತ್ತವೆ. ಒತ್ತಕ್ಷರ ಕೆಟ್ಟರೆ ಅವರು ಬರೆಯುವುದು ನನಗೆ, ಸರಿಪಡಿಸುವವಳೂ ನಾನೇ. ಹೆಸರು ತೆಗೆದರೆ ಅವರು ಯಾರನ್ನು ಕೇಳಬೇಕು?

ಹುಡುಗ ಬೇಕಿದ್ದರೆ ಕೋಡ್ ಓದಲಿ, ತಪ್ಪು ಕಂಡರೆ ಅವನೂ ಬರೆಯಲಿ. ಹೆಸರಿಗೇ ಹೆದರುವುದಾದರೆ ಈ ಸಂಬಂಧ ಬೇಡವೆಂದು ಹೇಳಿಬಿಡು. ನಿನಗೆ ಮುಜುಗರವಾದರೆ ಅವರ ಫೋನ್ ನಂಬರ್ ಕಳಿಸು, ನಾನೇ ಹೇಳುತ್ತೇನೆ.

ಯಾರೂ ನೋಡಿಕೊಳ್ಳದೆ ಬಿದ್ದಿದ್ದ ಕನ್ನಡ ನಿಘಂಟಿನ ಪ್ಯಾಕೇಜನ್ನೂ ಇವತ್ತು ನನ್ನ ಹೆಸರಿಗೇ ಬರೆಸಿಕೊಂಡೆ. ಅವ್ವನಿಗೂ ತಿಳಿಸು.

ನಿನ್ನ ತಂಗಿ,
ಅನ್ನಪೂರ್ಣ